ಇಸಾಕ್ ಸಾಬರ ಎದೆಯ ಫಿಲ್ಮು

20 ನವೆಂಬರ್ 1986, ಗುರುವಾರ. ತುಮಕೂರು.

ನಮ್ಮ ಆಸ್ಪತ್ರೆಯ ಡಾಕ್ಟರ ನಗು ಇನ್ನೂ ಕಿವಿಯಲ್ಲೇ ಇದೆ. ನಾನೂ ನಕ್ಕೆನಲ್ಲ, ಅದಕ್ಕೇ ಹೆಚ್ಚು ಉರಿಯುತ್ತಿದೆ.

ಗುಬ್ಬಿಯ ಇಸಾಕ್ ಸಾಬರು ಹತ್ತಿ ಹಿಂಜಿ ಹಾಸಿಗೆ ಹೊಲಿಯುವವರು. ಬೀಡಿ ಸುತ್ತಿ ಸುತ್ತಿ ಉಸಿರಾಡಲೂ ಕಷ್ಟಪಡುತ್ತಿರುವ ತಂಗಿ ಕುಲ್ಸುಂ ಬೀಯನ್ನು ಕರೆತಂದಿದ್ದರು.

"ಫಾರಿನ್ನಲ್ಲಿ ಒಬ್ರ ಶ್ವಾಸಕೋಶ ಇನ್ನೊಬ್ರಿಗೆ ಹಾಕ್ತಾರಂತೆ ಸಾರ್, ಪೇಪರ್ನಾಗೆ ಬಂದೈತೆ. ನಂದು ಎರಡೈತಲ್ಲ, ಒಂದ್ ತೆಗ್ದು ಇವಳಿಗೆ ಹಾಕ್ಬುಡಿ."

"ಅದೇನು ಹಾಸಿಗೆ ಹತ್ತೀನಾ ಸಾಬ್ರೇ, ಕಿತ್ತು ತುಂಬೋಕೆ?" ಎಂದು ನಕ್ಕರು ಡಾಕ್ಟರು. ತಂಗಿಯ ಎಕ್ಸ್‌ರೇ ಫಿಲ್ಮು ಕೊಡಲು ಹೋಗಿದ್ದ ನಾನೂ ನಕ್ಕೆ. ನಮ್ಮಲ್ಲಿ ಆಗುವುದಿಲ್ಲ ಎಂದು ಮರ್ಯಾದೆಯಿಂದ ಹೇಳಿದ್ದರೆ ಇವರಪ್ಪನ ಗಂಟೇನು ಹೋಗುತ್ತಿತ್ತು?

ಸಾಬರು ಬಿಡಲಿಲ್ಲ. ನನ್ನ ಎಕ್ಸ್‌ರೇ ಕೋಣೆಗೇ ಬಂದರು. "ನಂದು ಚೆನ್ನಾಗೈತಾ ಅಂತ ಒಂದ್ಸಲ ನೋಡ್ಬುಡಿ." ಚೀಟಿ ಇಲ್ಲದೆಯೇ ತೆಗೆದೆ. ಫಿಲ್ಮು ತೊಳೆದು ಬೆಳಕಿಗೆ ಹಿಡಿದರೆ, ತಂಗಿಯದಕ್ಕಿಂತ ಅಣ್ಣನದೇ ಹೆಚ್ಚು ಹಾಳಾಗಿದೆ.

ಮೂವತ್ತು ವರ್ಷ ಊರಿಗೆಲ್ಲ ಹಾಸಿಗೆ ಮಾಡಿಕೊಟ್ಟು ಹತ್ತಿಯ ದೂಳು ಕುಡಿದ ಎದೆ. ಅದರೊಳಗೆ ಏನಾಗಿದೆ ಎಂದು ಇಷ್ಟು ದಿನ ಒಬ್ಬನೂ ನೋಡಿರಲಿಲ್ಲ. ಅದನ್ನು ಕೊಟ್ಟುಬಿಡುತ್ತೇನೆ ಎಂದು ಅವರೇ ಬಂದಾಗ ನೋಡಿದ್ದಾಯಿತು!

ನಾಳೆ ಎರಡೂ ಫಿಲ್ಮು ಡಾಕ್ಟರ ಮೇಜಿನ ಮೇಲೆ ಇಡುತ್ತೇನೆ. ನಗಲಿ ನೋಡೋಣ. ಆದರೆ ಸಾಬರು ಬಾಗಿಲಲ್ಲಿ ನಿಂತು "ನಂದು ಆಯ್ತದಾ ಸಾರ್?" ಎಂದು ಕೇಳಿದರೆ, ತಂಗಿಗಿಂತ ಮೊದಲು ನಿಮ್ಮ ಎದೆಗೇ ಔಷಧಿ ಆಗಬೇಕು ಎಂದು ನಾನು ಹೇಗೆ ಹೇಳಲಿ?