ಕೂತರೂ ಹೊಂದದ ಬೋರ್ಡು

ಮನೆ, ಅಡುಗೆಮನೆಯ ಮೇಜು
ಬುಧವಾರ, ಬೆಳಿಗ್ಗೆ

ನನ್ನ ಬಂಗಾರದಂಥ ಮಗಳೇ,

ಕಿವಿ ಹೇಗಿದೆ? ಸೋರುವುದು ನಿಂತಿತೋ ಇಲ್ಲವೋ? ಡಾಕ್ಟರು ಕೊಟ್ಟ ಹನಿಯನ್ನು ತಣ್ಣಗೆ ಹಾಕಿಕೊಳ್ಳಬೇಡ, ಬಾಟಲಿಯನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದುಕೊಂಡರೆ ಬೆಚ್ಚಗಾಗುತ್ತದೆ. ನಿನ್ನ ಗಂಡ ಮಹಾಶಯನ ಏಟಿಗೆ ಒಡೆದ ಕಿವಿಯ ತಮಟೆ ತಾನಾಗಿಯೇ ಕೂಡಿಕೊಂಡೀತು ಅಂತ ಡಾಕ್ಟರು ಹೇಳಿದ್ದಾರಂತಲ್ಲ, ಹಾಗೇ ಆಗಲಿ. ಪುಟ್ಟಿಯ ಕೆಮ್ಮು ಇಳಿಯಿತೇ? ಅವಳು ಊಟದ ಹೊತ್ತಿಗೆ ಬಾಯಿ ಮುಚ್ಚಿಕೊಂಡು ಕೂತರೆ ಗದರಬೇಡ, ನೀನು ಅವಳ ವಯಸ್ಸಿನಲ್ಲಿ ಅದಕ್ಕಿಂತ ಹಟಮಾರಿಯಾಗಿದ್ದೆ. ಇಲ್ಲಿ ನಾನೂ ನಿಮ್ಮಪ್ಪನೂ ಬದುಕಿದ್ದೇವೆ. ಇದೊಂದು ಸಾಲನ್ನು ಎರಡು ಸಲ ಓದಿಕೊಂಡು ಕುರ್ಚಿಯ ಮೇಲೆ ಕೂತುಕೋ, ಆಮೇಲೆ ಮುಂದೆ ಓದು. ಏನೇ ಓದಿದರೂ ಇಲ್ಲಿಗೆ ಓಡಿ ಬರಬೇಡ. ಅದಕ್ಕೇ ಫೋನು ಮಾಡದೆ ಎಂದಿನ ಹಾಗೆ ನಮ್ಮ ಬಸ್ಸಿನ ಕಂಡಕ್ಟರಮ್ಮನ ಕೈಯಲ್ಲಿ ಕಾಗದ ಕೊಡುತ್ತಿದ್ದೇನೆ. ಫೋನಿನಲ್ಲಿ ನನ್ನ ದನಿ ಕೇಳಿದ್ದರೆ ನೀನು ಚಪ್ಪಲಿಯನ್ನೂ ಹುಡುಕದೆ ಹೊರಟುಬಿಡುತ್ತಿದ್ದೆ.

ಇಷ್ಟಕ್ಕೆಲ್ಲ ಮೂಲ ನನ್ನ ಸವತಿ. ಗಾಬರಿಯಾಗಬೇಡ, ನಿನ್ನ ಹಳೇ ಕಂಪ್ಯೂಟರಿಗೆ ನಾನು ಇಟ್ಟ ಹೆಸರದು. ಕೀಬೋರ್ಡಿನ ಹೊಟ್ಟೆಯಲ್ಲೇ ಎಲ್ಲವೂ ಇರುವಂಥದ್ದು, ಟೀವಿಗೆ ಸಿಕ್ಕಿಸಿ ಕೂರುತ್ತಿದ್ದೆಯಲ್ಲ, ಅದೇ. ನೀನು ಪುಟ್ಟಿಯನ್ನು ಕರೆದುಕೊಂಡು ಅವನ ಕಣ್ಣು ತಪ್ಪಿಸಿ ಹೋದ ಮೇಲೆ ನಿಮ್ಮಪ್ಪನಿಗೆ ಏನೂ ತೋಚಲಿಲ್ಲ. ಅಟ್ಟದಿಂದ ಅದನ್ನು ಇಳಿಸಿದರು. ನೀನು ಚಿಕ್ಕವಳಿದ್ದಾಗ ಬರೆದ ಆಟ, ಬೆಕ್ಕು ಮೆಟ್ಟಿಲು ಹತ್ತುವುದು, ಅದನ್ನು ಪುಟ್ಟಿ ಒಂದು ದಿನ ಆಡಲೇಬೇಕು ಅಂತ ಪಟ್ಟು ಹಿಡಿದರು. ಜೀವಮಾನವಿಡೀ ಜನರ ರೇಡಿಯೋ, ಟೀವಿ ರಿಪೇರಿ ಮಾಡಿದ ಮನುಷ್ಯ, ನಿನ್ನ ಬಾಳನ್ನು ರಿಪೇರಿ ಮಾಡಲಾಗದೆ ಇದನ್ನು ಹಿಡಿದುಕೊಂಡರು ಅಂತ ನನಗೆ ಅವತ್ತೇ ಅರ್ಥವಾಯಿತು, ಅದಕ್ಕೇ ಸುಮ್ಮನಿದ್ದೆ. ಹೊಸ ಟೀವಿ ಆ ಹಳೇ ವೈರನ್ನು ಒಪ್ಪಲಿಲ್ಲ, ಚಿತ್ರ ಹೊರಡುವ ಜಾಗದಿಂದಲೇ ಬೇರೆ ವೈರು ಎಳೆದು ಒಪ್ಪಿಸಿದರು. ಹಳೇ ಪವರ್ ಡಬ್ಬಿ, ಒಳಗೆ ಕಬ್ಬಿಣದ ಟ್ರಾನ್ಸ್‌ಫಾರ್ಮರು ತುಂಬಿದ ಆ ಇಟ್ಟಿಗೆಯಂಥದ್ದು, ಐದು, ಒಂಬತ್ತು ವೋಲ್ಟು ಎರಡನ್ನೂ ಕೊಡಬೇಕಾದದ್ದು ವಯಸ್ಸಾಗಿ ಐದರ ಕಡೆ ಏಳು ಕೊಡುತ್ತಿತ್ತಂತೆ. ಅದನ್ನು ತೆಗೆದು ಹಗುರವಾದ ಹೊಸದನ್ನು ಕೂರಿಸಿದರು. ಹಳೆಯದನ್ನು ಎಸೆಯುತ್ತೇನೆ ಎಂದರೆ ಬಿಡಲಿಲ್ಲ, ಮೇಜಿನ ಕೆಳಗೇ ಇಟ್ಟರು. ನಿನ್ನ ಕ್ಯಾಸೆಟ್ಟಿನ ಟೇಪು ಬೂಸಲು ಹಿಡಿದಿತ್ತು. ಒಂದೇ ಒಂದು ಸಲ ಅದು ಓದಿಕೊಂಡಾಗ ಬೆಕ್ಕು ಟೀವಿಯಲ್ಲಿ ಕಾಣಿಸಿತು, ನಿಮ್ಮಪ್ಪ ಚಪ್ಪಾಳೆ ತಟ್ಟಿದರು, ಅಷ್ಟರಲ್ಲಿ ಟೇಪು ತುಂಡಾಯಿತು. ಆಟ ಈಗ ಯಂತ್ರದ ನೆನಪಿನಲ್ಲಿ ಮಾತ್ರ ಇತ್ತು. ಸ್ವಿಚ್ಚು ಆರಿಸಿದರೆ ಹೋಯಿತು. ಅದನ್ನು ಚಿಕ್ಕ ಮೆಮೊರಿ ಕಾರ್ಡಿಗೆ ಇಳಿಸಿಕೊಳ್ಳಬೇಕಾದರೆ ಹಿಂದಿನ ಕಿಂಡಿಗೆ ಒಂದು ಬೋರ್ಡು ಬೇಕು, ಅದೂ ಮೊದಲನೇ ಮಾದರಿಯದೇ ಬೇಕು. ಯಂತ್ರವನ್ನು ಆರಿಸದೆ ಹಾಗೇ ಉರಿಯಲು ಬಿಟ್ಟು, ಹಳೇ ಸಾಮಾನಿನ ಬೀದಿಯಲ್ಲಿ ಅಂಗಡಿ ಅಂಗಡಿಗೆ ಹೋಗಿ ಹೇಳಿ ಬಂದರು. ಕರೆಂಟು ಹೋದೀತು ಅಂತ ಅದಕ್ಕೊಂದು ಬ್ಯಾಟರಿ ಬೇರೆ ತಂದಿಟ್ಟು, ಊಟಕ್ಕೂ ಅದರ ಪಕ್ಕದಲ್ಲೇ ಕೂರುತ್ತಿದ್ದರು.

ಆ ಸುದ್ದಿ ಅಳಿಯ ಮಹಾಶಯನ ಕಿವಿಗೂ ಬಿತ್ತು. ಭಾನುವಾರ ಮಧ್ಯಾಹ್ನ ನಾನು ಪಾತ್ರೆ ತೊಳೆಯುತ್ತಿದ್ದೆ, ಬೆಲ್ಲು ಹೊಡೆಯಿತು. ಮುಖ ಬೋಳಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ಬಾಯಲ್ಲಿ ಕುಡಿತದ ವಾಸನೆಯೂ ಇಲ್ಲದೆ ಬಂದಿದ್ದ. ಅವನಿಗೆ ಬಾಗಿಲಿನ ಚಿಲಕ ತೆಗೆಯುವುದಿಲ್ಲ ಅಂತ ನಾವಿಬ್ಬರೂ ನಿನ್ನ ಮುಂದೆ ಮಾತು ಕೊಟ್ಟಿದ್ದೆವು. ಅವನು ಬಾಗಿಲಿನ ಕಿಂಡಿಯಲ್ಲಿ ಬೋರ್ಡು ಹಿಡಿದು, "ಮಾವ, ಹುಡುಕ್ತಿದ್ರಲ್ಲ, ಸಿಕ್ತು ನೋಡಿ" ಅಂದ. ಬೇರೆ ಯಾವ ಅಪ್ಪನಾದರೂ ಬಾಗಿಲು ಮುಖಕ್ಕೆ ಬಡಿಯುತ್ತಿದ್ದ. ನಿಮ್ಮಪ್ಪ ಚಿಲಕ ತೆಗೆದರು. ತೆಗೆದವರೇ ಬೋರ್ಡನ್ನು ಬೆಳಕಿಗೆ ಹಿಡಿದು ಭೂತಗನ್ನಡಿ ಇಟ್ಟು ನೋಡಿದರು. ಒಳಗೆ ಬಂದವನು ಯಾರು, ಮಗಳ ಕಿವಿ ಒಡೆದವನು ಯಾರು, ಎಲ್ಲ ಮರೆತೇಹೋಯಿತು. ಇದು ನಮ್ಮದಲ್ಲ, ಎರಡನೇ ಮಾದರಿಯದು ಅಂದರು. ಅಳತೆ ಒಂದೇ, ಪಿನ್ನಿನ ಕಾಲುಗಳ ಲೆಕ್ಕವೂ ಒಂದೇ, ಒಳಗೆ ಸಲೀಸಾಗಿ ಕೂರುತ್ತದೆ, ಆದರೆ ನಮ್ಮ ಯಂತ್ರದಲ್ಲಿ ಒಂಬತ್ತು ವೋಲ್ಟು ಹೊರಡುವ ಕಾಲು ಆ ಬೋರ್ಡಿನಲ್ಲಿ ನೇರವಾಗಿ ಚಿಪ್ಪಿಗೆ ಹೋಗುತ್ತದೆ, ಯಂತ್ರ ಉರಿಯುತ್ತಿರುವಾಗ ಸಿಕ್ಕಿಸಿದರೆ ಎರಡೂ ಸುಟ್ಟುಹೋಗುತ್ತವೆ, ಆಟವೂ ಹೋಗುತ್ತದೆ. ಶಿಷ್ಯನಿಗೆ ಪಾಠ ಹೇಳುವ ಹಾಗೆ ಪೆನ್ಸಿಲ್ಲಿನಲ್ಲಿ ಬರೆದೂ ತೋರಿಸಿದರು. ಅವನು ಎಲ್ಲವನ್ನೂ ಗಮನವಿಟ್ಟು ಕೇಳಿದ. ನಾನು ಅಡುಗೆಮನೆಯಿಂದ "ಹೊರಗೆ ಹೋಗೋ" ಅಂತ ಕಿರುಚಿದಾಗ ಕಾಲಿನಿಂದ ಬಾಗಿಲು ತಳ್ಳಿ ಅಗುಳಿ ಹಾಕಿದ.

ನೀನೂ ಪುಟ್ಟಿಯೂ ಎಲ್ಲಿದ್ದೀರಿ ಅಂತ ಕೇಳಿದ. ನಾನು ಅಡ್ಡ ಹೋದೆ, ಎದೆಗೆ ಕೈ ಕೊಟ್ಟು ಅಡುಗೆಮನೆಯೊಳಕ್ಕೆ ತಳ್ಳಿದ, ಸೊಂಟ ಒಲೆಕಟ್ಟೆಗೆ ಬಡಿದು ಕೆಳಗೆ ಬಿದ್ದೆ. ಉಸಿರೇ ಹೊರಡಲಿಲ್ಲ. ಬಿದ್ದಲ್ಲಿಂದಲೇ ನೋಡುತ್ತಿದ್ದೆ. ಅವನು ನಿಮ್ಮಪ್ಪನ ಕೈಯಿಂದ ಬೋರ್ಡು ಕಿತ್ತುಕೊಂಡು ಯಂತ್ರದ ಕಿಂಡಿಯ ಬಾಯಿಗೆ ಹಿಡಿದ. "ವಿಳಾಸ ಹೇಳ್ತೀರೋ, ಇದನ್ನ ಒಳಗೆ ತಳ್ಳಲೋ?" ಅಂದ. ಟೀವಿಯಲ್ಲಿ ನಿನ್ನ ಬೆಕ್ಕು ಮೊದಲನೇ ಮೆಟ್ಟಿಲ ಮೇಲೆ ಕಣ್ಣು ಮಿಟುಕಿಸುತ್ತ ನಿಂತಿತ್ತು. ನಿಮ್ಮಪ್ಪ ಅದನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು, "ತಳ್ಳಪ್ಪ" ಅಂದರು. ಅವನು ನಂಬಲಿಲ್ಲ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ರೆ ಎಲ್ಲಾ ಕೂತ್ಕೊಳ್ಳುತ್ತೆ ಮಾವ" ಅಂತ ಹಲ್ಲು ಕಿರಿದ. ನಿನಗೂ ಇದೇ ಮಾತು ಹೇಳುತ್ತಿದ್ದನಲ್ಲ, ಹೊಡೆದ ಮರುದಿನ ಬೆಳಿಗ್ಗೆ. "ಕೂತ್ಕೊಂಡ್ರೂ ಸುಡುತ್ತೆ ಕಣಪ್ಪ" ಅಂದರು ನಿಮ್ಮಪ್ಪ. ತಳ್ಳಿದ. ಟಿಕ್ ಅಂತ ಕೂತಿತು. ಬೆಕ್ಕು ಚೂರುಚೂರಾಗಿ ಪರದೆಯೆಲ್ಲ ಹರಡಿತು, ಕಪ್ಪಾಯಿತು, ಕೀಬೋರ್ಡಿನ ಸಂದುಗಳಿಂದ ಹೊಗೆ ಬಂತು. ನಿಮ್ಮಪ್ಪನ ಕಣ್ಣಲ್ಲಿ ನೀರು ಧಾರಾಕಾರ ಸುರಿಯಿತು, ಆದರೆ ಬಾಯಿಂದ ನಿನ್ನ ಬೀದಿಯ ಹೆಸರಿನ ಒಂದಕ್ಷರವೂ ಹೊರಡಲಿಲ್ಲ. ಆ ಗಳಿಗೆಯಲ್ಲಿ ಅವರ ಮೇಲೆ ಬಂದಷ್ಟು ಪ್ರೀತಿ ನನಗೆ ಮದುವೆಯಾದಾಗಲೂ ಬಂದಿರಲಿಲ್ಲ, ನಿಜವಾಗಿ ಹೇಳುತ್ತೇನೆ.

ಆಮೇಲೆ ಅವನು ಮನುಷ್ಯನಾಗಿ ಉಳಿಯಲಿಲ್ಲ. ನಿಮ್ಮಪ್ಪನ ಬಲಗೈಯನ್ನು ಮೇಜಿನ ಡ್ರಾಯರಿನೊಳಗೆ ತುರುಕಿ, ಡ್ರಾಯರಿಗೆ ಒದ್ದ. ಎಲ್ಲಿ ಅಂತ ಕೇಳುವುದು, ಒದೆಯುವುದು. ಬೆರಳುಗಳು ಮುರಿದ ಸದ್ದು ನನಗೆ ಅಡುಗೆಮನೆಯವರೆಗೆ ಕೇಳಿಸಿತು. ಬಲಗೈ ಮುಗಿದ ಮೇಲೆ ಎಡಗೈ ಹಿಡಿದು ಮಣಿಕಟ್ಟು ತಿರುಚಿದ. ಸ್ಕ್ರೂ ಬಿಚ್ಚುವ ಕೈ, ಬೆಸುಗೆ ಹಾಕುವ ಕೈ ಅಂತ ಅವನಿಗೆ ಗೊತ್ತಿತ್ತು, ಗೊತ್ತಿದ್ದೇ ಮಾಡಿದ. ನಾನು ತೆವಳಿಕೊಂಡು ಮೇಜಿನ ಕೆಳಗೆ ಹೋದೆ. ಅಲ್ಲಿ ಆ ಹಳೇ ಪವರ್ ಡಬ್ಬಿ ಇತ್ತು. ಅದರ ವೈರನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು ಎದ್ದೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಒದ್ದೆ ಚಾದರದ ಗಂಟುಗಳನ್ನು ಬೀಸಿ ಗಾಡಿಗೆ ಎಸೆದೇ ತಲೆ ನರೆತವಳು ನಾನು, ತೂಕದ ಸಾಮಾನನ್ನು ಹೇಗೆ ಬೀಸಬೇಕು ಅಂತ ನನಗೆ ಯಾರೂ ಕಲಿಸಬೇಕಾಗಿಲ್ಲ. ಮೊದಲನೇ ಏಟು ಕಿವಿಯ ಮೇಲ್ಗಡೆ ಬಿತ್ತು. ಮಂಡಿಯೂರಿದ. ತಿರುಗಿ ನನ್ನ ಜಡೆಗೆ ಕೈ ಹಾಕಿ, "ನಿನ್ನನ್ನ ಮುಗಿಸಿ ಆಮೇಲೆ ಅವಳನ್ನ ಮುಗಿಸ್ತೀನಿ ಮುದುಕಿ" ಅಂದ. ಎರಡನೆಯದು ಹಾಕಿದೆ, ಮುಖ ಅಡಿಯಾಗಿ ಬಿದ್ದ. ಅಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. ಮೂರನೆಯದನ್ನು ಬಿದ್ದವನ ಮೇಲೇ ಹಾಕಿದೆ, ಅದು ನಿನ್ನ ಕಿವಿಯ ಲೆಕ್ಕ. ನಿಮ್ಮಪ್ಪ "ಸಾಕು ಕಣೇ, ಸಾಕು" ಅಂತ ಕೂಗಿಕೊಳ್ಳದಿದ್ದರೆ ನಾಲ್ಕನೆಯದೂ ಆಗುತ್ತಿತ್ತು. ನೆಲದ ರಕ್ತ ಒರೆಸಲು ನನಗೆ ಒಂದು ಬಟ್ಟೆ ಸಾಲಲಿಲ್ಲ. ಕೈ ನಡುಗಲಿಲ್ಲ ಮಗಳೇ, ಅದೇ ನನಗೆ ಹೆದರಿಕೆ.

ನಾನೇ ಫೋನು ಮಾಡಿ ಕರೆಸಿದ ಆಂಬುಲೆನ್ಸಿನವರು ಇಬ್ಬರನ್ನೂ ಒಂದೇ ಗಾಡಿಯಲ್ಲಿ ಕರೆದುಕೊಂಡು ಹೋದರು, ನೋಡು ಗ್ರಹಚಾರ. ನಮ್ಮ ಹಿಂದೆಯೇ ಆಸ್ಪತ್ರೆಗೆ ಬಂದ ಪೊಲೀಸಿನವನು ಯಾರು ಹೊಡೆದದ್ದು ಅಂತ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ನಿಮ್ಮಪ್ಪ "ನಾನೇ" ಅಂದುಬಿಟ್ಟರು, ಅವನು ಕೈ ಮುರಿಯುವ ಮೊದಲು ಹೊಡೆದೆ ಅಂತ ಕಥೆ ಕಟ್ಟಿದರು. ನಾನು ಇಲ್ಲ ಅನ್ನಹೋದರೆ ನನ್ನ ಕಾಲು ತುಳಿದರು. ಪೊಲೀಸಿನವನಿಗೆ ಯಾರಾದರೂ ಒಬ್ಬರಾದರೆ ಸಾಕಿತ್ತು. ಸಂಸಾರದಲ್ಲಿ ಇದೆಲ್ಲ ಇದ್ದದ್ದೇ, ಅವನು ಹುಷಾರಾಗಲಿ, ಇಬ್ಬರನ್ನೂ ಕೂರಿಸಿ ಮಾತಾಡೋಣ ಅಂತ ಹೋದ. ನಿಮ್ಮಪ್ಪನಿಗೆ ಬಲಗೈಯಲ್ಲಿ ಮೂರು ಬೆರಳು ಮುರಿದಿವೆ, ಎಡ ಮಣಿಕಟ್ಟಿಗೂ ಪ್ಲಾಸ್ಟರು ಹಾಕಿ ಮನೆಗೆ ಕಳಿಸಿದ್ದಾರೆ. ಅವನು ಮಾತ್ರ ವಾರ್ಡಿನಲ್ಲೇ ಇದ್ದಾನೆ. ಲಾಂಡ್ರಿಯ ನನ್ನ ಹಳೇ ಜೊತೆಗಾತಿ ಹೇಳಿ ಕಳಿಸಿದಳು, ನಿನ್ನೆ ಎದ್ದು ಕೂತು ಗಂಜಿ ಕುಡಿದು ನರ್ಸುಗಳಿಗೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದನಂತೆ. ಹೊರಗೆ ಬಂದ ದಿನವೇ ನಿನ್ನನ್ನು ಹುಡುಕಿ ತೆಗೆಯುತ್ತೇನೆ ಅಂತ ಹಾಸಿಗೆ ಗುದ್ದಿ ಗುದ್ದಿ ಹೇಳಿದನಂತೆ. ಅದಕ್ಕೇ ಈ ಕಾಗದ. ನೀನು ಬರಬೇಡ. ಅಪ್ಪನ ಕೈ ನೋಡಬೇಕು ಅಂತ ಜೀವ ಎಳೆಯುತ್ತದೆ, ನನಗೆ ಗೊತ್ತು, ಆದರೂ ಬರಬೇಡ. ಕೋಣೆ ಬದಲಾಯಿಸು. ಪುಟ್ಟಿಯನ್ನು ಬೀದಿಯಲ್ಲಿ ಆಡಲು ಬಿಡಬೇಡ.

ಇನ್ನು ನನ್ನ ಸವತಿಯ ಸಮಾಚಾರ ಕೇಳು, ಸ್ವಲ್ಪ ನಗು. ನಿಮ್ಮಪ್ಪ ಎರಡೂ ಕೈಗೆ ಬಿಳಿ ಬುತ್ತಿ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಿದ್ದಾರೆ, ನಾನು ಸ್ಕ್ರೂಡ್ರೈವರು ಹಿಡಿದಿದ್ದೇನೆ. ಸ್ವಿಚ್ಚು ಹಾಕು, ಚಿಪ್ಪುಗಳನ್ನು ಒಂದೊಂದಾಗಿ ಮುಟ್ಟಿ ನೋಡು, ಯಾವುದು ಕಾದಿದೆಯೋ ಅದು ಸತ್ತಿದೆ ಅಂದರು. ಮುಟ್ಟಿದೆ, ಬೆರಳಿಗೆ ಬೊಬ್ಬೆ ಬಂತು. ಸಿಕ್ತಲ್ಲ ಅಂತ ಅವರಿಗೆ ಖುಷಿಯೋ ಖುಷಿ. ಕಾಲು ಬಾಗದ ಹಾಗೆ ಕೀಳು, ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ಅಂತ ನನ್ನ ತಲೆ ತಿನ್ನುತ್ತಾರೆ. ನಾನು ರೇಗಿದರೆ ಬಾಯಿ ತೆರೆದು ತುತ್ತಿಗೆ ಕಾಯುವ ಮುಖ ಮಾಡುತ್ತಾರೆ, ಕೋಪ ಎಲ್ಲಿ ಉಳಿಯಬೇಕು ಹೇಳು. ಯಂತ್ರ ಎದ್ದರೂ ನಿನ್ನ ಬೆಕ್ಕು ಮತ್ತೆ ಬರುವುದಿಲ್ಲವಂತೆ. ಹೋಗಲಿ, ಮೊಮ್ಮಗಳು ಬಂದು ತನ್ನದೇ ಬೇರೆ ಬರೆಯಲಿ ಅನ್ನುತ್ತಾರೆ.

ಹೊತ್ತಿಗೆ ಸರಿಯಾಗಿ ಉಣ್ಣು, ಕಿವಿಗೆ ನೀರು ತಾಗಿಸಬೇಡ. ಪುಟ್ಟಿಯ ಎರಡೂ ಕೆನ್ನೆಗೆ ನನ್ನದೊಂದು, ಅಜ್ಜನದೊಂದು ಮುತ್ತು. ನೀನು ಯಾರಿಗೂ ಹೆದರದೆ ನಿದ್ದೆ ಮಾಡುವ ಹಾಗಾಗಲಿ, ಇದಕ್ಕಿಂತ ದೊಡ್ಡ ಹರಕೆ ನನ್ನ ಬಾಯಿಗೆ ಬರುತ್ತಿಲ್ಲ.

ನಿನ್ನ
ಅಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಜೀಪು ಬಂದು ನಿಂತಿತು. ಅವನು ಸತ್ತನಂತೆ. ಬೆಳಿಗ್ಗೆ ತಿಂಡಿ ತಿನ್ನುತ್ತ ಹಾಗೇ ಒರಗಿದನಂತೆ, ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತಂತೆ. ನಿಮ್ಮಪ್ಪನನ್ನು ಕರೆದೊಯ್ಯಲು ಬಂದಿದ್ದಾರೆ. ಹೊರಡಲು ಅಂಗಿಯ ಗುಂಡಿ ಹಾಕು ಬಾ ಅಂತ ಅವರು ನನ್ನನ್ನು ಕರೆಯುತ್ತಿದ್ದಾರೆ. ಹಾಕುವುದಿಲ್ಲ. ಜೀಪು ಹತ್ತುವವಳು ನಾನು, ಮೂರು ಏಟೂ ನನ್ನದೇ ಅಂತ ಹೇಳುತ್ತೇನೆ, ಈ ಸಲ ಕಾಲು ತುಳಿದರೂ ಬಿಡುವುದಿಲ್ಲ. ಬರಬೇಡ ಅಂತ ಮೇಲೆ ಬರೆದದ್ದನ್ನೆಲ್ಲ ಹೊಡೆದುಹಾಕು. ಕಂಡಕ್ಟರಮ್ಮನ ಬಸ್ಸಿಗೇ ಹತ್ತಿ ಬಾ. ಹಗಲಲ್ಲೇ ಬಾ, ಮುಖ ಮುಚ್ಚಿಕೊಳ್ಳಬೇಡ, ಪುಟ್ಟಿಯ ಕೈ ಹಿಡಿದು ಮುಂಬಾಗಿಲಿನಿಂದಲೇ ಬಾ. ಬೇಗ ಬಾ ಮಗಳೇ, ಮಧ್ಯಾಹ್ನದ ಊಟಕ್ಕೆ ನಿಮ್ಮಪ್ಪನಿಗೆ ಕೈಯಿಲ್ಲ.