ಮಷೀನಿನ ಮೇಲೆ ಕನ್ನಡಕ

ಮಾರ್ಚ್ 4, ಸೋಮವಾರ

ಹಾಲಿನಿಂದ ಕೆನೆ ತೆಗೆಯುವ ಸೆಂಟ್ರಿಫ್ಯೂಜನ್ನು ಕಂಡುಹಿಡಿದವನು ನಾನೇ. ಹೆಸರು ಬೇರೆಯವರು ಹೊಡೆದುಕೊಂಡರು, ಹೋಗಲಿ.

ಬೆಳಿಗ್ಗೆ ಹಾಲಿನ ಫ್ಯಾಕ್ಟರಿಯಲ್ಲಿ ಎಂದಿನಂತೆ ಒಂದನೇ ಕೆನೆ ಮಷೀನು ಸ್ಟಾರ್ಟ್ ಆಯಿತು. ವೇಗ ಏರಿದಂತೆ ಗಡಗಡ ನಡುಕ. ಮೇಲಿಟ್ಟಿದ್ದ ನನ್ನ ಕನ್ನಡಕ ತಾನಾಗಿ ನಡೆದು ಬಂದು ಅಂಚಿನಿಂದ ಹಾರಿತು. ಒಂದು ಗಾಜು ಸೀಳು ಬಿಟ್ಟಿದೆ.

ಮಷೀನಿನ ಹೊಣೆ ತಂಗಿಯ ಮಗಳದು. ಕೆಲಸ ಇನ್ನೂ ಖಾಯಂ ಆಗಿಲ್ಲ. ಶುಕ್ರವಾರದೊಳಗೆ ನಡುಕ ನಿಲ್ಲದಿದ್ದರೆ ಅವಳು ಮತ್ತೆ ಕ್ಯಾನು ತೊಳೆಯಲು ಹೋಗಬೇಕಂತೆ — ಯಜಮಾನರ ಮಾತು. ಅವಳನ್ನು ಇಲ್ಲಿ ಕೆಲಸಕ್ಕೆ ಸೇರಿಸಿದವನು ನಾನು. ಮಾನ ಹೋಗುವುದು ನನ್ನದೂ.

ಮಾರ್ಚ್ 5

ನಡುಕದ ಮದ್ದು ನನಗೊಬ್ಬನಿಗೇ ಗೊತ್ತು ಎಂದು ಬಾಯ್ಲರಿನವನೆದುರು ಕೊಚ್ಚಿಕೊಂಡೆ. ನಿನಗಿಂತ ಮೊದಲು ಆ ಹುಡುಗಿಯೇ ಸರಿಮಾಡುತ್ತಾಳೆ ಎಂದ. ಪಂದ್ಯ ಕಟ್ಟಿದೆವು.

ಮಷೀನಿನ ಪಾದದ ರಬ್ಬರು ಕಿತ್ತು, ಕಬ್ಬಿಣದ ತುಂಡು ತುರುಕಿ, ಬೋಲ್ಟು ಬಿಗಿದೆ. ಈಗ ಗೋಡೆಯೂ ನಡುಗುತ್ತಿದೆ. ಆಚೆ ಕೋಣೆಯ ಲೆಕ್ಕದಮ್ಮ ಎದ್ದು ಬಂದು ಬೈದು ಹೋದರು. ಹುಡುಗಿ ಕಬ್ಬಿಣ ತೆಗೆದು ರಬ್ಬರು ಮತ್ತೆ ಹಾಕಿದಳು.

ಮಾರ್ಚ್ 8, ಸಂಜೆ

ಎರಡು ದಿನ ಬರೆಯಲಿಲ್ಲ. ಬರೆಯುವಂಥದ್ದೇನು... ನಾನು ಬಿಗಿದದ್ದನ್ನೆಲ್ಲ ಅವಳು ಸಡಿಲಿಸುತ್ತಿದ್ದಳು, ಅಷ್ಟೇ.

ಇಂದು ಒಳಗೆ ತಿರುಗುವ ಬೌಲನ್ನೇ ಬಿಚ್ಚಿದಳು. ಮುಚ್ಚಳ ತಿರುವಿ ನೋಡಿ ಕರೆದಳು.

“ಮಾವ, ಭಾನುವಾರ ಇದನ್ನ ತೊಳೆದಿದ್ದು ಯಾರು?”

“ನಾನೇ. ಎರಡು ಮಷೀನಿಂದೂ ಒಂದೇ ತೊಟ್ಟೀಲಿ. ಇನ್ಯಾರಿಗೆ ಬರುತ್ತೆ ಆ ಸ್ಪೀಡು?”

“ಅದೇ ನೋಡಿ. ಇದರ ಮೇಲೆ ಎರಡು ಅಂತ ಕೆತ್ತಿದೆ. ಕೂತಿರೋದು ಒಂದರಲ್ಲಿ.”

ಬೌಲಿಗೂ ಅದರ ಮುಚ್ಚಳಕ್ಕೂ ಜೊತೆಯಲ್ಲೇ ತೂಕ ಹೊಂದಿಸಿರುತ್ತಾರಂತೆ. ಅದಲುಬದಲಾದರೆ ಆ ವೇಗಕ್ಕೆ ಕುಣಿಯದೆ ಇನ್ನೇನು. ಸುಮ್ಮನೆ ನಿಂತಿದ್ದ ಎರಡನೇ ಮಷೀನಿನಿಂದ ಸರಿಯಾದ ಮುಚ್ಚಳ ತಂದಳು. ಗುರುತಿಗೆ ಗುರುತು ಕೂಡಿಸಿ ಹಾಕಿದಳು. ಯಜಮಾನರ ಮುಂದೆ ಓಡಿಸಿ, ನನ್ನ ಮೂಗಿನ ಮೇಲಿದ್ದ ಸೀಳು ಕನ್ನಡಕ ತೆಗೆದು ಮಷೀನಿನ ಮೇಲಿಟ್ಟಳು.

ಕದಲಲಿಲ್ಲ.

ಕೆಲಸ ಖಾಯಂ. ಮುಚ್ಚಳ ಬದಲಾಯಿಸಿದವರು ಯಾರೆಂದು ಯಜಮಾನರು ಕೇಳಿದರು. ತೊಳೆಯುವಾಗ ಆಗಿದ್ದು ಎಂದಳು, ನನ್ನ ಕಡೆ ನೋಡಲೂ ಇಲ್ಲ. ಗೇಟಿನವನಿಂದ ಲಾರಿಯವನವರೆಗೆ ಎಲ್ಲರಿಗೂ ಹೇಳಿ ಬಂದೆ — ಅದು ನಮ್ಮ ಮನೆತನದ ಕೈ!

ಪಂದ್ಯದ ಸುದ್ದಿ ಹೆಂಡತಿಗೆ ಮುಟ್ಟಿದೆ. ಇನ್ನೂರು ಹೋಯಿತು ಎಂದೆ. ನಂಬಿದಳು. ಇಲ್ಲಿ ಸುಳ್ಳೇಕೆ... ಬಾಯ್ಲರಿನವನ ಕೈಗೆ ಎದೆ ಉಬ್ಬಿಸಿಕೊಂಡೇ ಎಣಿಸಿದ್ದು ಎರಡು ಸಾವಿರದ ನಾನೂರು. ಮೇಲೆ ಕನ್ನಡಕದ ಗಾಜಿನ ಖರ್ಚು— ಹೆಂಡತಿ ಬಂದಳು, ಪುಸ್ತಕ ಮುಚ್ಚುತ್ತೇನೆ.