ಹಳದಿ ಕೊಡೆಯ ಹಿಂದಿನ ಕಂಬ

ಗಾಡಿನೋಟದ ಗುಡ್ಡ, ಅಘನಾಶಿನಿ ಅಳಿವೆ
ಎರಡನೇ ವೈಶಾಖದ ಮೂವತ್ತನಾಲ್ಕನೇ ದಿನ, 2219

ನನಗಿಂತ ಮೊದಲು ಈ ಗುಡ್ಡದ ಮೇಲೆ ನಿಂತು ರೈಲು ನೋಡಿದವರಿಗೆ ಸೋಮಿ ಹಮ್ಮು ಗೌಡಳ ನಮಸ್ಕಾರ.

ತಾರೀಖು ಕಂಡು ನಗಬೇಡಿ. ನಮ್ಮ ಬೇಸಿಗೆ ಎಷ್ಟು ಉದ್ದವಾಯಿತೆಂದರೆ, ಒಂದು ವೈಶಾಖ ಸಾಲದೆ ಎರಡು ಮಾಡಿಕೊಂಡೆವು, ತಿಂಗಳಿಗೆ ನಾಲ್ಕಾರು ದಿನ ಹೆಚ್ಚಿಗೆ ಸೇರಿಸಿದೆವು. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆ ಇರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಉಪ್ಪುನೀರಿನಲ್ಲಿ ನೆನೆದು ಒಣಗಿದ ಮೂರು ಪುಸ್ತಕಗಳಿಂದ. ಅದರಲ್ಲೊಂದು ಅಡುಗೆಯದು. ಈ ಕಾಗದಕ್ಕೆ ನಾವು ಹಿನ್ನೋಲೆ ಎನ್ನುತ್ತೇವೆ. ನಮ್ಮಲ್ಲಿ ಪ್ರತಿಯೊಬ್ಬರೂ ಜೀವಮಾನದಲ್ಲಿ ಒಂದು ಸಲ ಹಿಂದಿನವರಿಗೆ ಓಲೆ ಬರೆದು ಮಡಕೆಯಲ್ಲಿಟ್ಟು ಹೂಳುವುದು ವಾಡಿಕೆ. ಹೆಚ್ಚಿನವರು ಬಯ್ದು ಬರೆಯುತ್ತಾರೆ. ನಾನೂ ಸ್ವಲ್ಪ ಬಯ್ಯುವವಳೇ, ಆದರೆ ನನಗೆ ನಿಮ್ಮಿಂದ ಒಂದು ಕೆಲಸವೂ ಆಗಬೇಕಾಗಿದೆ.

ನನ್ನ ಉದ್ಯೋಗ ರೈಲು ನೋಡುವುದು. ನೀವು ಖುಷಿಗೆ ಮಾಡುತ್ತಿದ್ದುದನ್ನು ನಾವು ಹೊಟ್ಟೆಪಾಡಿಗೆ ಮಾಡುತ್ತೇವೆ. ಅಳಿವೆಯ ಆಚೆಗೆ ಕಗ್ಗದಕುರ್ವೆ ಎಂಬ ನಡುಗಡ್ಡೆ ಇದೆ, ಮುನ್ನೂರು ಮನೆ. ಸಮುದ್ರ ಒಳಗೆ ಬಂದ ಮೇಲೆ ಅಲ್ಲಿನ ಬಾವಿಗಳೆಲ್ಲ ಉಪ್ಪಾದವು. ಕುಡಿಯುವ ನೀರು ಬರುವುದು ರೈಲಿನಲ್ಲೇ: ಆರು ನೀರಿನ ಡಬ್ಬಿ, ಹಿಂದೆ ಎರಡು ಜನರ ಡಬ್ಬಿ. ಬೆಳಿಗ್ಗೆ ಹತ್ತಕ್ಕೊಂದು, ಸಂಜೆ ನಾಲ್ಕಕ್ಕೊಂದು. ಗಾಲಿಯ ಸದ್ದು ಕೇಳಿಯೇ ಡಬ್ಬಿ ತುಂಬಿದೆಯೋ ಅರ್ಧವೋ ಎಂದು ಹೇಳುವ ಹೆಂಗಸರು ಕುರ್ವೆಯಲ್ಲಿದ್ದಾರೆ. ಅರ್ಧವಾದರೆ ಗಾಡಿ ನಿಲ್ಲುವ ಮೊದಲೇ ಜಗಳ ಶುರು. ಗಾಡಿ ದಾಟುವ ಸೇತುವೆ ನಿಮ್ಮ ಕಾಲದ್ದೇ. ಅದರ ಕಂಬಗಳು ಕೆಸರಿನಲ್ಲಿ ನಿಂತಿವೆ. ಕೆಸರು ಯಾವತ್ತು ಜಾರುತ್ತದೆಂದು ನೋಡಿಕೊಳ್ಳಲು ಒಬ್ಬರು ಬೇಕು, ಆ ಒಬ್ಬಳು ನಾನು.

ನೋಡುವ ಕ್ರಮ ಹೀಗೆ. ಗುಡ್ಡದ ಅಂಚಿನಲ್ಲಿ ಒಂದು ಕಲ್ಲಿನ ಆಸನ, ಅದರ ಮುಂದೆ ಸೀಳಿದ ಒಂದು ಕಲ್ಲು. ಆ ಸೀಳಿನಲ್ಲಿ ಕಣ್ಣಿಟ್ಟರೆ ಸೇತುವೆಯ ಆಚೆ, ದೂರದ ಗೋಡೆಯ ಮೇಲೆ ಬಳಿದ ಬಿಳಿ ಗೆರೆ ಕಾಣುತ್ತದೆ. ಗಾಡಿಯ ಮಾಡು, ಅಂದರೆ ಚಾವಣಿ, ಆ ಗೆರೆಗೆ ಸರಿಯಾಗಿ ಹಾದು ಹೋದರೆ ಸೇತುವೆ ಇದ್ದ ಹಾಗೇ ಇದೆ. ಗೆರೆಗಿಂತ ಕೆಳಗೆ ಹಾದರೆ ಕಂಬ ಕುಸಿದಿದೆ, ಕೂಡಲೇ ಕಪ್ಪು ಬಟ್ಟೆ ಏರಿಸಬೇಕು. ಇದಕ್ಕೆ ಗೆರೆನೋಟ ಎನ್ನುತ್ತೇವೆ. ಹನ್ನೊಂದು ವರ್ಷ ದಿನಕ್ಕೆರಡು ಸಲ ನೋಡಿದ್ದೇನೆ. ಮಾಡು ಗೆರೆಯಿಂದ ಕೂದಲೆಳೆಯಷ್ಟೂ ಆಚೀಚೆ ಆದದ್ದಿಲ್ಲ. ಅದೇ ನನ್ನ ಜಂಬವಾಗಿತ್ತು.

ಕಣ್ಣು ತೆರೆಸಿದ್ದು ನನ್ನ ತಂಗಿ ಶಿವಿ. ಅವಳನ್ನು ಕೊಟ್ಟದ್ದು ಕುರ್ವೆಗೆ. ನಮ್ಮ ಗುಡ್ಡದ ಬುಡದಲ್ಲಿ ನೀರಿಗಿಳಿಯುವ ಮೆಟ್ಟಿಲುಗಳಿವೆ. ಭರತ ಬಂದಾಗ ಉಕ್ಕುವ ನೀರು ವರ್ಷಕ್ಕೊಂದು ಮೆಟ್ಟಿಲು ನುಂಗುತ್ತಿತ್ತು. ಸಮುದ್ರ ಏರುತ್ತಿದೆ ಎಂದು ನಾನು ಶಾಪ ಹಾಕುತ್ತಿದ್ದೆ. ನಮ್ಮಲ್ಲಿ ಮಗು ಅತ್ತರೂ ಕೋಳಿ ಮೊಟ್ಟೆ ಇಡದಿದ್ದರೂ ಸಮುದ್ರದ್ದೇ ತಪ್ಪು. ಈ ತಿಂಗಳ ಮೊದಲಲ್ಲಿ ಶಿವಿ ಬಂದವಳು ಮೆಟ್ಟಿಲು ನೋಡಿ ನಕ್ಕಳು. ಅವರ ದೋಣಿ ಕಟ್ಟುವ ಧಕ್ಕೆಯ ಮೆಟ್ಟಿಲುಗಳು ಅವಳು ಮದುವೆಯಾಗಿ ಹೋದಾಗ ಎಷ್ಟಿದ್ದವೋ ಈಗಲೂ ಅಷ್ಟೇ ಇವೆಯಂತೆ, ಸಮುದ್ರಕ್ಕೆ ನಿನ್ನ ಮೇಲೆ ಮಾತ್ರ ಪ್ರೀತಿ ಎಂದು ಚೇಷ್ಟೆ ಮಾಡಿದಳು. ಅವಳು ಹೋದ ಮೇಲೆ ಆ ಮಾತನ್ನೇ ಲೆಕ್ಕ ಹಾಕುತ್ತಾ ಕೂತೆ. ಸಮುದ್ರ ಒಂದು ದಡದಲ್ಲಿ ಏರಿ ಇನ್ನೊಂದು ದಡದಲ್ಲಿ ಸುಮ್ಮನಿರುತ್ತದೆಯೇ? ಏರುತ್ತಿದ್ದದ್ದು ಸಮುದ್ರವಲ್ಲ, ಇಳಿಯುತ್ತಿದ್ದದ್ದು ಗುಡ್ಡ. ಆಸನದ ಜೊತೆಗೆ ನನ್ನ ಕಣ್ಣೂ ಇಳಿಯುತ್ತಿತ್ತು. ಹಾಗಿದ್ದರೆ ಗಾಡಿಯ ಮಾಡು ಗೆರೆಗಿಂತ ಮೇಲೆ ಕಾಣಬೇಕಿತ್ತಲ್ಲ! ಕಾಣಲಿಲ್ಲ. ಅಂದರೆ ಸೇತುವೆಯೂ ನನ್ನ ಜೊತೆ ಇಳಿದಿದೆ. ನೋಡುವವಳೂ ನೋಡಿಸಿಕೊಳ್ಳುವುದೂ ಒಟ್ಟಿಗೆ ಮುಳುಗಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಇಲ್ಲಿ ನಿಮ್ಮನ್ನು ಬಯ್ಯಲೇಬೇಕು. ಗುಡ್ಡ ಯಾಕೆ ಇಳಿಯುತ್ತಿದೆ ಗೊತ್ತೇ? ನಿಮ್ಮ ಕಾಲದಲ್ಲಿ ಯಾರೋ ಅದರ ಬುಡವನ್ನು ಕಡಿದು ಸಪಾಟು ಮಾಡಿದರು. ಯಾರೆಂದು ನನಗೆ ತಿಳಿಯದು, ತಿಳಿದು ಆಗಬೇಕಾದ್ದೂ ಇಲ್ಲ. ಮೇಲೆ ಚಿರೇಕಲ್ಲು, ಒಳಗೆ ಬೆಣ್ಣೆಯಂಥ ಜೇಡಿ. ಬುಡ ಕಡಿದರೆ ಜೇಡಿ ನಿಲ್ಲುವುದುಂಟೇ? ಅದು ಜಾರಿದರೆ ಕಂಬಗಳ ಕೆಳಗಿನ ಕೆಸರೂ ಜೊತೆಗೆ ಜಾರುತ್ತದೆ. ಅಷ್ಟಕ್ಕೂ ಕಡಿದದ್ದು ಯಾಕೆ? ರೈಲು ನೋಡಲು ಬಂದವರ ಕಾರು ನಿಲ್ಲಿಸಲಿಕ್ಕೆ.

ಕಪ್ಪು ಬಟ್ಟೆ ಏರಿಸಿ ಇಪ್ಪತ್ತಮೂರು ದಿನವಾಯಿತು. ಗಾಡಿ ನಿಂತಿದೆ. ದೋಣಿಯಲ್ಲಿ ಮನೆಗೊಂದು ಕೊಡ ನೀರು ಹೋಗುತ್ತದೆ, ಉಳಿದದ್ದಕ್ಕೆ ಉಪ್ಪು ಬಾವಿ. ಶಿವಿಯ ಮೊಮ್ಮಗಳಿಗೆ ಎರಡು ತಿಂಗಳು. ತಾಯಿಗೆ ಹಾಲು ನಿಂತಿದೆ, ಮಗುವಿಗೆ ಭೇದಿ ನಿಲ್ಲುತ್ತಿಲ್ಲ. ಸೇತುವೆಯೋ ನೆಟ್ಟಗೆ ನಿಂತಿದೆ. ಜನ ನನ್ನ ಕಣ್ಣಿಗೆ ಪೊರೆ ಬಂದಿದೆ ಎನ್ನುತ್ತಾರೆ, ತಲೆ ಕೆಟ್ಟಿದೆ ಎನ್ನುವವರೂ ಇದ್ದಾರೆ. ಮೊನ್ನೆ ಶಿವಿ ಮತ್ತೆ ಬಂದಳು, ಈ ಸಲ ನಗಲಿಲ್ಲ.

“ಸಂಕ ಬೀಳ್ತದೆ ಅಂದಿ, ಬೀಳಲಿಲ್ಲ. ಅಲ್ಲಿ ಕೂಸು ಒಣಗಿ ಹೋಗ್ತಾ ಅದೆ, ಅದು ಕಾಣೂದಿಲ್ವೇ ನಿಂಗೆ?”

ತಂಬಿಗೆಯಲ್ಲಿ ನೀರು ತಂದು ಮುಂದಿಟ್ಟೆ. ನನ್ನ ಒಡಹುಟ್ಟಿದವಳು ನನ್ನ ಮನೆಯ ನೀರು ಕುಡಿಯದೆ ಹೋದಳು.

ನಿನ್ನೆ ಊರ ಕೂಟ ಸೇರಿ ನಾಳೆ ಹತ್ತಕ್ಕೆ ಗಾಡಿ ಬಿಡಬೇಕೆಂದು ತೀರ್ಮಾನಿಸಿತು. ನಮ್ಮ ಕಟ್ಟಳೆ ಒಂದಿದೆ: ತಡೆದ ಗಾಡಿಯನ್ನು ಮತ್ತೆ ಬಿಡುವಾಗ ತಡೆದವರೇ ಮೊದಲು ಹತ್ತಬೇಕು. ಸುಮ್ಮನೆ ಯಾರೂ ಬಟ್ಟೆ ಏರಿಸಬಾರದೆಂದು ಹಿರಿಯರು ಮಾಡಿದ್ದು. ಹಾಗಾಗಿ ನಾಳೆ ನಾನು ಎಂಜಿನ್ನಿನಲ್ಲಿ ಚಾಲಕ ಪುರಸು ಖಾರ್ವಿಯ ಪಕ್ಕ ಕೂರುತ್ತೇನೆ. ಅವನು ಒಳ್ಳೆಯವನು. ಕೂಟ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದ.

“ಖಾತ್ರಿ ಇದ್ರೆ ಒಂದು ಮಾತು ಹೇಳು ಸೋಮಕ್ಕ, ನಾ ಗಾಡಿ ಮುಟ್ಟೂದಿಲ್ಲ. ಅಂದಾಜು ಅಂದ್ರೆ ಆಗೂದಿಲ್ಲ.”

ಖಾತ್ರಿ ಇಲ್ಲ ಎಂದೆ. ಸುಳ್ಳು ಹೇಳಬಹುದಿತ್ತು, ಆ ಮಗುವಿನ ಮುಖ ಕಣ್ಣ ಮುಂದೆ ಬಂತು. ನನಗೆ ಹೆದರಿಕೆಯಾಗುತ್ತಿದೆ, ಮುಚ್ಚಿಡುವುದೇನು. ನನ್ನ ಜೀವಕ್ಕಿಂತ ಹೆಚ್ಚಾಗಿ ಪುರಸುವಿನದಕ್ಕೆ. ಅವನಿಗೆ ಇನ್ನೂ ಮೂವತ್ತಾಗಿಲ್ಲ.

ಈಗ ನಿಮ್ಮಿಂದ ಆಗಬೇಕಾದ ಕೆಲಸ. ಐದನೇ ಕಂಬದ ಪಕ್ಕದಲ್ಲಿ, ಕೈಚಾಚಿದಷ್ಟು ದೂರದಲ್ಲಿ, ನೀರಿನಿಂದ ಎದ್ದ ಒಂದು ಕರಿಬಂಡೆ ಇದೆ. ಅದು ಭೂಮಿಯ ಎಲುಬು, ಕುಸಿಯುವಂಥದ್ದಲ್ಲ. ಅದರ ಮೇಲೆ ಅಡ್ಡಲಾಗಿ ಒಂದು ಬಿಳಿಕಲ್ಲಿನ ಪಟ್ಟೆ. ಮೊನ್ನೆ ದೋಣಿಯಲ್ಲಿ ಹೋಗಿ ನೋಡಿದೆ: ಕಂಬದ ತಲೆ ಆ ಪಟ್ಟೆಗಿಂತ ಒಂದು ಗೇಣು ಕೆಳಗಿದೆ. ಮೊದಲಿಂದಲೂ ಹಾಗೇ ಇತ್ತೋ, ಈಗ ಇಳಿದದ್ದೋ, ಹೇಳುವವರಿಲ್ಲ. ಸೇತುವೆಯ ಕಡತಗಳೆಲ್ಲ ಎಂದೋ ನೀರುಪಾಲಾದವು. ಉಳಿದದ್ದು ಒಂದೇ. ನಮ್ಮ ಹಿರಿಯರು ಹಳೇ ಫೋಟೊಗಳನ್ನು ಹೆಂಚಿನ ಮೇಲೆ ಸುಟ್ಟು ಅಚ್ಚು ಮಾಡಿಟ್ಟಿದ್ದರು, ಹೆಂಚುಚಿತ್ರ ಎನ್ನುತ್ತೇವೆ. ಅಂಥದ್ದೊಂದು ನನ್ನ ಗುಡಿಸಲಿನ ಗೋಡೆಯಲ್ಲಿದೆ. ಈ ಗುಡ್ಡದ ಮೇಲೆ ನಿಮ್ಮ ಕಾಲದ ಒಬ್ಬ ಹೆಂಗಸು, ಹೆಗಲ ಮೇಲೆ ಹಳದಿ ಕೊಡೆ, ಮುಖದ ತುಂಬ ನಗು. ಅಷ್ಟು ದೂರದಿಂದ ರೈಲು ನೋಡಲು ಬಂದು, ರೈಲು ಬಂದಾಗ ಅದಕ್ಕೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳುವ ನಿಮ್ಮ ಪದ್ಧತಿ ನನಗೆ ಎಂದೂ ಅರ್ಥವಾಗಿಲ್ಲ. ಹಿಂದೆ ಗಾಡಿ ಕಾಣುತ್ತದೆ, ಕರಿಬಂಡೆ ಕಾಣುತ್ತದೆ, ಬಿಳಿ ಪಟ್ಟೆಯೂ ಕಾಣುತ್ತದೆ. ಕಂಬದ ತಲೆ ಕಾಣುವುದಿಲ್ಲ. ಅದರ ಮೇಲೆ ಕೊಡೆಯ ಅಂಚು ಬಂದಿದೆ.

ಹನ್ನೊಂದು ವರ್ಷದಿಂದ ಆಕೆಯನ್ನು ನೋಡುತ್ತಿದ್ದೇನೆ. ಒಬ್ಬಳೇ ಇದ್ದಾಗ ಮಾತಾಡಿಸಿದ್ದೂ ಉಂಟು. ಈ ಮೂರು ದಿನ ಮಾತ್ರ ಆ ಕೊಡೆಯನ್ನು ಉಗುರಿನಿಂದ ಕೆರೆದು ನೋಡಿದೆ, ನನ್ನ ಹುಚ್ಚಿಗೆ.

ತಾಯೀ, ಈ ಓಲೆ ನಿಮಗೆ ಹೇಗೋ ತಲುಪಿದರೆ, ನೀವು ಇನ್ನೂ ಈ ಗುಡ್ಡಕ್ಕೆ ಬಂದಿಲ್ಲವಾದರೆ, ಬನ್ನಿ. ಧಾರಾಳವಾಗಿ ಬನ್ನಿ, ಗಾಡಿಗೆ ಬೆನ್ನು ಹಾಕಿಯೇ ನಿಲ್ಲಿ, ನಗಿ. ಕಾರನ್ನು ಮಾತ್ರ ದೂರ ಬಿಟ್ಟು ನಡೆದು ಬನ್ನಿ. ಫೋಟೊ ತೆಗೆಯುವ ಹೊತ್ತಿಗೆ ಕೊಡೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿ. ಬಿಸಿಲು ಬಿದ್ದರೆ ಒಂದು ಕ್ಷಣ ತಡೆದುಕೊಳ್ಳಿ.

ನಾಳೆ ಒಂಬತ್ತೂವರೆಗೆ ಪುರಸು ನನ್ನನ್ನು ಕರೆಯಲು ಬರುತ್ತಾನೆ. ಹೊರಡುವ ಮೊದಲು ಹೆಂಚನ್ನು ಸೆರಗಿನಿಂದ ಒರೆಸಿ ಇನ್ನೊಮ್ಮೆ ನೋಡುತ್ತೇನೆ.